ಪದಕ, ಗೋರಿ, ವೀರಗಲ್ಲು: ಮೈಸೂರು–ಮಂಡ್ಯ ಸೀಮೆಯಲ್ಲಿ ಸೈನಿಕರ ಕುರುಹು ಹುಡುಕುವ ಬಗೆ

ತಾತನ ಟ್ರಂಕು ಖಾಲಿ ಮಾಡುವಾಗ ಸಿಕ್ಕ ಯುದ್ಧದ ಪದಕ ನೇರವಾಗಿ ಬೆಳ್ಳಿ ಅಂಗಡಿಗೆ ಹೋಗುವುದುಂಟು. ಅಲ್ಲಿ ತೂಗಿ ಕರಗಿಸಿಬಿಡುತ್ತಾರೆ. ಅದರ ಅಂಚಿನಲ್ಲಿದ್ದ ಹೆಸರೂ ಅಲ್ಲಿಗೆ ಮುಗಿಯಿತು. ಮೈಸೂರು ಸಂಸ್ಥಾನದ ಎಷ್ಟೋ ಸವಾರರಿಗೆ, ಸಿಪಾಯಿಗಳಿಗೆ ಗೋರಿಯೂ ಇಲ್ಲ, ಕಲ್ಲೂ ಇಲ್ಲ. ಆ ಅಂಚಿನ ಒಂದು ಸಾಲೇ ಅವರ ಗುರುತು. ಆದ್ದರಿಂದ ವಸ್ತು ಯಾವುದೇ ಇರಲಿ, ಅದರ ಮೇಲಿನ ಹೆಸರು ಓದಿ ಬರೆದಿಡುವುದು ಮೊದಲ ಕೆಲಸ. ತೊಳೆಯುವುದು, ಜೋಡಿಸುವುದು, ಬೆಲೆ ಕಟ್ಟುವುದು ಎಲ್ಲ ಆಮೇಲೆ.

ಪದಕದ ಅಂಚು ಓದುವುದು

ಬೇಕಾದದ್ದು ಮೂರೇ ಸಾಮಾನು: ಚಿನ್ನದ ಕೆಲಸದವರು ಬಳಸುವ, ಹತ್ತು ಪಟ್ಟು ದೊಡ್ಡದಾಗಿ ತೋರಿಸುವ ಭೂತಗನ್ನಡಿ (ಲೂಪ್), ಒಂದು ವರ್ನಿಯರ್ ಕ್ಯಾಲಿಪರ್, ಒಂದು ಟಾರ್ಚು. ಪದಕವನ್ನು ಉಜ್ಜಬೇಡಿ. ಬ್ರಾಸೋ, ಹುಣಸೆಹಣ್ಣು, ಟೂತ್‌ಪೇಸ್ಟ್, ವಿಭೂತಿ ಯಾವುದೂ ಬೇಡ. ಪ್ರತಿ ಉಜ್ಜಿಗೂ ಅಂಚಿನ ಅಕ್ಷರ ಸ್ವಲ್ಪ ಸವೆಯುತ್ತದೆ. ಮನೆಯ ಪೂಜಾಸಾಮಾನಿನ ಜೊತೆ ವರ್ಷಗಟ್ಟಲೆ ಬೆಳಗಿದ ಪದಕಗಳಲ್ಲಿ ಹೆಸರೇ ಅಳಿಸಿಹೋಗಿರುತ್ತದೆ. ಟಾರ್ಚನ್ನು ಪಕ್ಕದಿಂದ ಓರೆಯಾಗಿ ಹಿಡಿದು ಪದಕವನ್ನು ನಿಧಾನವಾಗಿ ತಿರುಗಿಸಿದರೆ ಅಕ್ಷರಗಳ ನೆರಳು ಎದ್ದು ಕಾಣುತ್ತದೆ.

ಅಂಚಿನ ಬರಹಕ್ಕೆ ಒಂದು ಕ್ರಮವಿದೆ: ಸಂಖ್ಯೆ, ದರ್ಜೆ, ಹೆಸರು, ರೆಜಿಮೆಂಟು. ಅಧಿಕಾರಿಗಳಿಗೆ ಸಂಖ್ಯೆ ಇರುವುದಿಲ್ಲ. ದರ್ಜೆಯೇ ಅರ್ಧ ವಿಷಯ ಹೇಳುತ್ತದೆ. ಸವಾರ, ದಫೇದಾರ, ರಿಸಾಲ್ದಾರ ಎಂದಿದ್ದರೆ ಕುದುರೆ ಪಡೆ. ಸಿಪಾಯಿ, ನಾಯಕ್, ಹವಾಲ್ದಾರ್, ಸುಬೇದಾರ ಎಂದಿದ್ದರೆ ಕಾಲಾಳು. ಜಮಾದಾರ ಎರಡರಲ್ಲೂ ಬರುತ್ತದೆ. ರೆಜಿಮೆಂಟಿನ ಹೆಸರು ಚುಟುಕಾಗಿರುತ್ತದೆ. ಮೈಸೂರು ಎಂಬುದರ ಹಿಂದೆಯೋ ಮುಂದೆಯೋ 'ಐ.ಎಸ್.' ಎಂದಿದ್ದರೆ ಅದು ಇಂಪೀರಿಯಲ್ ಸರ್ವಿಸ್, ಅಂದರೆ ಸಂಸ್ಥಾನ ತನ್ನ ಖರ್ಚಿನಲ್ಲಿ ಸಾಕಿ ಸಾಮ್ರಾಜ್ಯದ ಯುದ್ಧಕ್ಕೆ ಕಳಿಸಿಕೊಟ್ಟ ಪಡೆ. ಕಂಡದ್ದನ್ನು ಕಂಡಂತೆಯೇ ಬರೆದುಕೊಳ್ಳಿ. 'ಕಿಸ್ಟ್ನ' ಎಂಬಂತೆ ಕೊರೆದಿದ್ದರೆ ನಿಮ್ಮ ನೋಟ್‌ಬುಕ್ಕಿನಲ್ಲಿ ಅದನ್ನು 'ಕೃಷ್ಣ' ಎಂದು ತಿದ್ದಬೇಡಿ. ದಾಖಲೆಯಲ್ಲಿ ಹುಡುಕುವಾಗ ಆ ತಪ್ಪು ಕಾಗುಣಿತವೇ ದಾರಿ ತೋರಿಸುತ್ತದೆ.

ನಮ್ಮ ಕಡೆ ಹೆಚ್ಚಾಗಿ ಸಿಗುವುದು ಮೊದಲ ಮಹಾಯುದ್ಧದ ಜೋಡಿ. ಬ್ರಿಟಿಷ್ ವಾರ್ ಮೆಡಲ್ 36 ಮಿ.ಮೀ. ಅಗಲದ ಬೆಳ್ಳಿಯದು, ಒಂದು ಕಡೆ ಐದನೇ ಜಾರ್ಜ್ ತಲೆ, ಇನ್ನೊಂದು ಕಡೆ ಕುದುರೆಯ ಮೇಲೆ ಬೆತ್ತಲೆ ಸವಾರ. ಲಸ್ಕರರು, ಸಯೀಸರು, ಅಡಿಗೆಯವರಂಥ ಪರಿವಾರದವರಿಗೆ ಇದನ್ನೇ ಕಂಚಿನಲ್ಲಿ ಕೊಟ್ಟರು. ಕಂಚು ಕಂಡು 'ನಕಲಿ' ಎಂದು ಎಸೆಯಬೇಡಿ, ಅದು ಬೆಳ್ಳಿಯದಕ್ಕಿಂತ ಅಪರೂಪ. ವಿಕ್ಟರಿ ಮೆಡಲ್‌ಗೆ ಕಾಮನಬಿಲ್ಲಿನ ಬಣ್ಣದ ರಿಬ್ಬನ್ನು, ರೆಕ್ಕೆಯ ದೇವತೆ. 1914–15ರ ಸ್ಟಾರ್ ಎಂಬ ನಕ್ಷತ್ರಾಕಾರದ ಪದಕದಲ್ಲಿ ಹೆಸರು ಅಂಚಿನಲ್ಲಿ ಇರುವುದಿಲ್ಲ, ಹಿಂಬದಿಯ ಸಪಾಟು ಜಾಗದಲ್ಲಿರುತ್ತದೆ. ಎರಡನೇ ಮಹಾಯುದ್ಧದ ಸ್ಟಾರ್‌ಗಳನ್ನು ಬ್ರಿಟನ್ನಿನವರಿಗೆ ಹೆಸರಿಲ್ಲದೆ ಕೊಟ್ಟರು, ಭಾರತೀಯ ಸೇನೆಯವರಿಗೆ ಹೆಸರು ಹಾಕಿ ಕೊಟ್ಟರು. ಬರ್ಮಾ ಸ್ಟಾರ್ ಸಿಕ್ಕಿದರೆ ಹಿಂಬದಿ ನೋಡದೆ ಬಿಡಬೇಡಿ.

ಮೋಸ ಎಲ್ಲಿರುತ್ತದೆ ಎಂದು ಗೊತ್ತಿರಬೇಕು. ಬ್ರಿಟಿಷ್ ವಾರ್ ಮೆಡಲ್‌ಗೆ ಯುದ್ಧದ ಹೆಸರಿನ ಅಡ್ಡಪಟ್ಟಿಯನ್ನು ಎಂದೂ ಕೊಡಲೇ ಇಲ್ಲ. 'ಹೈಫಾ' (1918ರಲ್ಲಿ ಮೈಸೂರು ಸವಾರರು ಕಾದಿದ ಪ್ಯಾಲೆಸ್ಟೈನಿನ ಪಟ್ಟಣ) ಎಂಬ ಪಟ್ಟಿ ಸಿಕ್ಕಿಸಿದ ಪದಕ ತೋರಿಸಿದರೆ ಆ ಪಟ್ಟಿ ಆಮೇಲೆ ಯಾರೋ ಮಾಡಿಸಿದ್ದು. ಹೆಸರು ಅರೆದು ಬೇರೆ ಹೆಸರು ಕೊರೆದದ್ದು ಎರಡನೇ ಮೋಸ. ಇದನ್ನು ಹಿಡಿಯಲು ವರ್ನಿಯರ್‌ನಿಂದ ಪದಕದ ವ್ಯಾಸವನ್ನು ನಾಲ್ಕು ದಿಕ್ಕಿನಲ್ಲಿ ಅಳೆಯಿರಿ. ಎಲ್ಲ ಕಡೆ ಒಂದೇ ಬರಬೇಕು. ಒಂದು ದಿಕ್ಕಿನಲ್ಲಿ ಮಾತ್ರ ಕಡಿಮೆ ಬಂದರೆ ಅಲ್ಲಿ ಅರ ಹಾಕಿದ್ದಾರೆ. ಅಚ್ಚು ಒತ್ತಿದ ಅಕ್ಷರದ ಆಳ ಒಂದೇ ಸಮ, ಕೈಯಲ್ಲಿ ಕೊರೆದ ಅಕ್ಷರದ ಗೆರೆ ಶುರುವಿನಲ್ಲಿ ದಪ್ಪ, ಕೊನೆಯಲ್ಲಿ ಸಣ್ಣ. ಅಚ್ಚು ತೆಗೆದು ಎರಕ ಹೊಯ್ದ ನಕಲು ಆರುವಾಗ ಕುಗ್ಗುವುದರಿಂದ ಅಸಲಿಗಿಂತ ಚಿಕ್ಕದಾಗಿರುತ್ತದೆ, ಮೈಯಲ್ಲಿ ಸೂಜಿಮೊನೆಯಂಥ ತೂತುಗಳಿರುತ್ತವೆ.

ಶ್ರೀರಂಗಪಟ್ಟಣದ ಮುತ್ತಿಗೆಯ ಪದಕದ ವಿಚಾರದಲ್ಲಂತೂ ಕಣ್ಣಿಗೆ ಎಣ್ಣೆ ಬಿಟ್ಟುಕೊಂಡು ನೋಡಬೇಕು. 1799ರ ಮೇ 4ರ ಆಕ್ರಮಣಕ್ಕೆ ಈಸ್ಟ್ ಇಂಡಿಯಾ ಕಂಪನಿ ಇದನ್ನು ಹಂಚಿದ್ದು 1808ರಲ್ಲಿ. ಚಿನ್ನ, ಚಿನ್ನದ ಲೇಪದ ಬೆಳ್ಳಿ, ಬೆಳ್ಳಿ, ಕಂಚು, ತವರ ಎಂದು ದರ್ಜೆಗೆ ತಕ್ಕ ಲೋಹ. ಒಂದು ಬದಿಯಲ್ಲಿ ಹುಲಿಯನ್ನು ಕೆಡವಿದ ಸಿಂಹ, ಇನ್ನೊಂದು ಬದಿಯಲ್ಲಿ ಕೋಟೆ ಒಡೆದ ದೃಶ್ಯ, ಕೆಳಗೆ ಪಾರ್ಸಿ ಬರಹ. ಬರ್ಮಿಂಗ್‌ಹ್ಯಾಮಿನ ಸೋಹೋ ಟಂಕಸಾಲೆಯದು ಸುಮಾರು 48 ಮಿ.ಮೀ. ಇದಕ್ಕೆ ಹೆಸರು ಹಾಕಿ ಕೊಟ್ಟಿಲ್ಲ, ಆದ್ದರಿಂದ ಹೆಸರಿದ್ದರೆ ಅದು ಪಡೆದವನೋ ಆಮೇಲಿನವರೋ ಕೊರೆಸಿದ್ದು. ವಿದ್ಯುತ್ ಲೇಪನದಿಂದ ಮಾಡಿದ ನಕಲುಗಳಲ್ಲಿ ಎರಡು ಚಿಪ್ಪನ್ನು ಬೆಸೆದಿರುತ್ತಾರೆ. ಅಂಚಿನ ಸುತ್ತ ಕೂದಲೆಳೆಯಷ್ಟು ಗೆರೆ ಕಂಡರೆ ಅಲ್ಲಿಗೇ ಕೈಬಿಡಿ.

ಇನ್ನು ಗಂಡಭೇರುಂಡದ ಗುಂಡಿ, ಬಿಲ್ಲೆಗಳು. 'ಮಹಾರಾಜರ ಸೈನ್ಯದ್ದು' ಎಂದು ಮಾರುವವರೇ ಹೆಚ್ಚು. ಗಂಡಭೇರುಂಡ ಇಡೀ ಸಂಸ್ಥಾನದ ಲಾಂಛನ. ಅರಮನೆ ಆಳುಗಳ, ಪೊಲೀಸರ ಅಂಗಿಯ ಮೇಲೂ ಅದೇ ಇತ್ತು. ಪಡೆಯ ಹೆಸರು ಜೊತೆಗಿಲ್ಲದಿದ್ದರೆ 'ಮೈಸೂರು ಸಂಸ್ಥಾನದ ಗುಂಡಿ' ಎಂದಷ್ಟೇ ಬರೆಯಿರಿ.

ಒಬ್ಬನಿಗೆ ಸೇರಿದ ಪದಕಗಳ ಗೊಂಚಲು, ಡಿಸ್ಚಾರ್ಜ್ ಕಾಗದ, ಫೋಟೊ ಒಟ್ಟಿಗೆ ಸಿಕ್ಕಿದರೆ ಒಟ್ಟಿಗೇ ಇರಲಿ. ಬಿಡಿಬಿಡಿಯಾಗಿ ಮಾರಿದರೆ ಹೆಚ್ಚು ದುಡ್ಡು ಬರುತ್ತದೆಂದು ಒಡೆಯುತ್ತಾರೆ. ಒಮ್ಮೆ ಒಡೆದರೆ ಯಾವ ಪದಕ ಯಾರದು, ಅವನ ಮುಖ ಹೇಗಿತ್ತು ಎಂಬುದನ್ನು ಮತ್ತೆ ಕೂಡಿಸಲು ಬರುವುದಿಲ್ಲ. ನಾವು ನೋಡಿದ ಮಟ್ಟಿಗೆ ಈ ಹವ್ಯಾಸದಲ್ಲಿ ಆಗುವ ದೊಡ್ಡ ಹಾನಿ ಇದೇ.

ಕಾನೂನು

ನೂರು ವರ್ಷ ದಾಟಿದ ವಸ್ತು, 75 ವರ್ಷ ದಾಟಿದ ಮಹತ್ವದ ಹಸ್ತಪ್ರತಿ, ದಾಖಲೆ 1972ರ ಪುರಾತನ ವಸ್ತುಗಳ ಕಾಯ್ದೆಯಡಿ ಬರುತ್ತವೆ. ಅವುಗಳ ವ್ಯಾಪಾರಕ್ಕೆ ಪರವಾನಗಿ ಬೇಕು, ದೇಶದಿಂದ ಹೊರಗೆ ಖಾಸಗಿಯವರು ಕಳಿಸುವಂತಿಲ್ಲ. ಅಂದರೆ ಮೊದಲ ಮಹಾಯುದ್ಧದ ಪದಕವನ್ನು ವಿದೇಶದ ಹರಾಜಿಗೆ ಅಂಚೆಯಲ್ಲಿ ಹಾಕುವುದು ಅಪರಾಧವಾಗಬಹುದು. ಕೋವಿ, ಪಿಸ್ತೂಲು ಹಳೆಯದಾದರೂ ಪೊಲೀಸರನ್ನು ಕೇಳದೆ ಮನೆಗೆ ತರಬೇಡಿ. ರಿಪೇರಿ ಮಾಡಿದರೂ ಹಾರಿಸಲಾಗದಷ್ಟು ಕೆಟ್ಟದ್ದಕ್ಕೆ ಮಾತ್ರ 1959ರ ಶಸ್ತ್ರಾಸ್ತ್ರ ಕಾಯ್ದೆಯಲ್ಲಿ ವಿನಾಯಿತಿ. ಸಿಡಿಯದ ಗುಂಡು, ಶೆಲ್ಲು ಕಂಡರೆ ಮುಟ್ಟದೆ 112ಕ್ಕೆ ಫೋನ್ ಮಾಡಿ. ಶ್ರೀರಂಗಪಟ್ಟಣದ ಕೋಟೆ, ದರಿಯಾ ದೌಲತ್, ಗುಂಬಜ್ ಸುತ್ತ ಮೆಟಲ್ ಡಿಟೆಕ್ಟರ್ ಹಿಡಿದು ಓಡಾಡುವುದು, ನೆಲ ಕೆದಕುವುದು ಬೇಡವೇ ಬೇಡ. ಹೊಲ ಉಳುವಾಗ ನೆಲದಿಂದ ಏನಾದರೂ ಎದ್ದರೆ ತಹಶೀಲ್ದಾರರಿಗೆ ತಿಳಿಸಬೇಕು. ಕದ್ದು ಅಗೆದು ತಂದ ಗುಂಡು ಯಾವ ಪದರದಲ್ಲಿತ್ತು, ಪಕ್ಕದಲ್ಲಿ ಏನಿತ್ತು ಎಂಬುದು ಹೋದ ಮೇಲೆ ಅದು ಬರೀ ಸೀಸದ ಉಂಡೆ.

ಮಳೆಗಾಲ ದಾಟಿಸುವುದು

ಜೂನ್‌ನಿಂದ ಅಕ್ಟೋಬರ್‌ವರೆಗಿನ ತೇವವೇ ಪದಕದ ಶತ್ರು. ಮೆತ್ತನೆಯ ಪಿವಿಸಿ ಪೌಚುಗಳಲ್ಲಿ ಇಟ್ಟರೆ ಎರಡು ಮೂರು ವರ್ಷದಲ್ಲಿ ಕಂಚಿನ ಮೇಲೆ ಹಸಿರು ಅಂಟು ಏಳುತ್ತದೆ. ಪಾಲಿಪ್ರೊಪಿಲೀನ್ ಅಥವಾ ಪಾಲಿಯೆಸ್ಟರ್ ಪೌಚು ಕೇಳಿ ತನ್ನಿ. ರಬ್ಬರ್ ಬ್ಯಾಂಡಿನಲ್ಲಿ ಗಂಧಕವಿರುತ್ತದೆ, ಬೆಳ್ಳಿ ಕಪ್ಪಾಗುತ್ತದೆ. ನ್ಯೂಸ್‌ಪೇಪರ್‌ನ ಆಮ್ಲ ರಿಬ್ಬನ್ನನ್ನು ತಿನ್ನುತ್ತದೆ. ನುಸಿಗುಳಿಗೆಯನ್ನು ಪ್ಲಾಸ್ಟಿಕ್ ಇರುವ ಪೆಟ್ಟಿಗೆಗೆ ಹಾಕಬೇಡಿ. ಒಂದು ಸಣ್ಣ ಸ್ಟೀಲ್ ಡಬ್ಬಿಗೆ 50 ಗ್ರಾಂ ಸಿಲಿಕಾ ಜೆಲ್ ಸಾಕು. ಬಣ್ಣ ಬದಲಾದಾಗ ಓವನ್‌ನಲ್ಲಿ 110–120 ಡಿಗ್ರಿಯಲ್ಲಿ ಎರಡು ಗಂಟೆ ಒಣಗಿಸಿ ಮತ್ತೆ ಬಳಸಿ. ಉಣ್ಣೆಯ ಕೋಟು, ಪಟ್ಟಿಗಳಿಗೆ ನುಸಿ ಹಿಡಿದಿದ್ದರೆ ಪ್ಲಾಸ್ಟಿಕ್ ಚೀಲದಲ್ಲಿ ಗಾಳಿಯಾಡದಂತೆ ಕಟ್ಟಿ ಮೈನಸ್ 18 ಡಿಗ್ರಿಯ ಫ್ರೀಜರಿನಲ್ಲಿ ಎರಡು ವಾರ ಇಟ್ಟು, ಹೊರತೆಗೆದ ಮೇಲೆ ಒಂದು ದಿನ ಚೀಲ ಬಿಚ್ಚದೆ ಬಿಡಿ. ಬೇಗ ಬಿಚ್ಚಿದರೆ ಬಟ್ಟೆಯ ಮೇಲೆಯೇ ನೀರು ಕೂರುತ್ತದೆ. ಹರಿದ ಹಳೆಯ ರಿಬ್ಬನ್ನಿಗೆ ಬದಲಾಗಿ ಹೊಸದು ಹಾಕಿದರೂ ಹಳೆಯದನ್ನು ಅದೇ ಪೌಚಿನಲ್ಲಿಡಿ.

ಹೆಸರಿನಿಂದ ಊರಿಗೆ

ಎರಡು ಮಹಾಯುದ್ಧಗಳಲ್ಲಿ ಸತ್ತವರಿಗೆ, ಅವರ ಗೋರಿ, ಸ್ಮಾರಕ ನೋಡಿಕೊಳ್ಳುವ ಕಾಮನ್‌ವೆಲ್ತ್ ವಾರ್ ಗ್ರೇವ್ಸ್ ಕಮಿಷನ್ನಿನ ಜಾಲತಾಣದಿಂದ ಶುರು ಮಾಡಿ. ಅದು ಲೆಕ್ಕಕ್ಕೆ ತೆಗೆದುಕೊಳ್ಳುವುದು 1914ರ ಆಗಸ್ಟ್ 4ರಿಂದ 1921ರ ಆಗಸ್ಟ್ 31 ಮತ್ತು 1939ರ ಸೆಪ್ಟೆಂಬರ್ 3ರಿಂದ 1947ರ ಡಿಸೆಂಬರ್ 31ರವರೆಗಿನ ಸಾವುಗಳನ್ನು. ಬದುಕಿ ಬಂದವರು ಅಲ್ಲಿ ಸಿಗುವುದಿಲ್ಲ. ಹೆಸರು ಹಾಕಿ ಹುಡುಕಿದರೆ ಬರಿಗೈ. ಅರಸ್, ಅರಸು, ಉರ್ಸ್ ಎಂದು ಒಂದೇ ಹೆಸರಿಗೆ ಹತ್ತು ಕಾಗುಣಿತ. ಹೆಸರಿನ ಜಾಗ ಖಾಲಿ ಬಿಟ್ಟು ರೆಜಿಮೆಂಟಿನ ಜಾಗದಲ್ಲಿ 'ಮೈಸೂರು' ಎಂದು ಇಂಗ್ಲಿಷಿನಲ್ಲಿ ಹಾಕಿ, ವರ್ಷದ ಮಿತಿ ಕೊಟ್ಟು, ಬಂದ ಪಟ್ಟಿಯನ್ನೆಲ್ಲ ಒಂದೊಂದಾಗಿ ಓದಿ. ದಾಖಲೆಯ ಹೆಚ್ಚುವರಿ ಮಾಹಿತಿಯಲ್ಲಿ ತಂದೆಯ ಹೆಸರು, ಊರು ಇರಬಹುದು.

ಇಲ್ಲಿ ಎಡವುವ ಜಾಗ ಒಂದಿದೆ. ಮಂಡ್ಯ ಜಿಲ್ಲೆ ಆದದ್ದು 1939ರಲ್ಲಿ. ಅದಕ್ಕೂ ಮುಂಚಿನ ಕಾಗದಗಳಲ್ಲಿ ನಾಗಮಂಗಲ, ಮಳವಳ್ಳಿ, ಕೃಷ್ಣರಾಜಪೇಟೆ ಎಲ್ಲ ಮೈಸೂರು ಜಿಲ್ಲೆ. ಪಾಂಡವಪುರ 'ಫ್ರೆಂಚ್ ರಾಕ್ಸ್', ಶ್ರೀರಂಗಪಟ್ಟಣ 'ಸೆರಿಂಗಪಟಂ'. ಬರೀ 'ಮೈಸೂರು' ಎಂದಿದ್ದರೆ ಅದು ಊರೋ ಜಿಲ್ಲೆಯೋ ಇಡೀ ಸಂಸ್ಥಾನವೋ ಎಂದು ಅನುಮಾನದಿಂದಲೇ ಓದಬೇಕು. ಶಿವಮೊಗ್ಗದವನೂ ಅಲ್ಲಿ ಮೈಸೂರಿನವನೇ.

ಮೈಸೂರು ಲ್ಯಾನ್ಸರ್ಸ್ ಹೈದರಾಬಾದ್, ಜೋಧಪುರ ಸಂಸ್ಥಾನಗಳ ಲ್ಯಾನ್ಸರ್‌ಗಳೊಂದಿಗೆ 15ನೇ ಇಂಪೀರಿಯಲ್ ಸರ್ವಿಸ್ ಅಶ್ವದಳದಲ್ಲಿತ್ತು. 1918ರ ಸೆಪ್ಟೆಂಬರ್ 23ರಂದು ಜೋಧಪುರದವರು ಹೈಫಾ ಪಟ್ಟಣಕ್ಕೆ ನುಗ್ಗಿದಾಗ ಮೈಸೂರಿನ ತುಕಡಿ ಕಾರ್ಮೆಲ್ ಬೆಟ್ಟದ ಮೇಲಿದ್ದ ಫಿರಂಗಿಗಳ ಮೇಲೆ ಏರಿಹೋಯಿತು. ಹಾಗೆಂದು ಅಲ್ಲಿ ಸತ್ತವರನ್ನೆಲ್ಲ ಆ ದಿನದ ಲೆಕ್ಕಕ್ಕೆ ಹಾಕಬೇಡಿ. ತಾರೀಕು 1918ರ ಅಕ್ಟೋಬರ್ ಆಗಿದ್ದರೆ ಮಲೇರಿಯಾ ಅಥವಾ ಇನ್‌ಫ್ಲುಯೆಂಜಾ ಆಗಿರುವ ಸಂಭವ ಹೆಚ್ಚು. ಆ ತಿಂಗಳು ಆ ಸೈನ್ಯವನ್ನು ಕಾಡಿದ್ದು ಜ್ವರ. ಹಿಂದೂ ಸೈನಿಕರನ್ನು ಸುಡುತ್ತಿದ್ದರು, ಹಾಗಾಗಿ 'ಗೋರಿ ಎಲ್ಲಿ' ಎಂಬ ಪ್ರಶ್ನೆಗೆ ಉತ್ತರ ಒಂದು ಸ್ಮಾರಕದ ಗೋಡೆ. ಈಜಿಪ್ಟ್, ಪ್ಯಾಲೆಸ್ಟೈನ್ ಕಡೆ ಸತ್ತ ಭಾರತೀಯರ ಸ್ಮಾರಕ 1926ರಲ್ಲಿ ಸೂಯೆಜ್ ಬಳಿಯ ಪೋರ್ಟ್ ತೌಫೀಕ್‌ನಲ್ಲಿ ಎದ್ದಿತ್ತು; ಆಮೇಲಿನ ಯುದ್ಧಗಳಲ್ಲಿ ಅದು ಹಾಳಾಗಿ, 1980ರಲ್ಲಿ ಕೈರೋದ ಹೆಲಿಯೊಪೊಲಿಸ್‌ನಲ್ಲಿ ಬದಲಿ ಸ್ಮಾರಕವಾಯಿತು. ಎರಡನೇ ಯುದ್ಧದಲ್ಲಿ ಒಂದನೇ ಮೈಸೂರು ಇನ್‌ಫೆಂಟ್ರಿ ಸಿಂಗಪುರದಲ್ಲಿತ್ತು, ಆದ್ದರಿಂದ 1942ರ ನಂತರದ ಹೆಸರುಗಳನ್ನು ಅಲ್ಲಿನ ಕ್ರಾಂಜಿ ಯುದ್ಧ ಸ್ಮಾರಕದಲ್ಲಿ ಹುಡುಕಿ. 1947ರ ನಂತರ ಹುತಾತ್ಮರಾದವರ ಹೆಸರು ದೆಹಲಿಯ ರಾಷ್ಟ್ರೀಯ ಯುದ್ಧ ಸ್ಮಾರಕದ ತ್ಯಾಗ ಚಕ್ರದಲ್ಲಿದೆ.

ಹೆಸರು ಸಿಕ್ಕಿದ ಮೇಲೆ ಕಾಗದ. ಮೈಸೂರಿನ ವಿಭಾಗೀಯ ಪತ್ರಾಗಾರದಲ್ಲಿ ಸಂಸ್ಥಾನದ ಕಡತಗಳನ್ನೂ, ರಾಷ್ಟ್ರೀಯ ಪತ್ರಾಗಾರದ 'ಅಭಿಲೇಖ್ ಪಟಲ್' ತಾಣದಲ್ಲಿ ಸಂಸ್ಥಾನಗಳ ವ್ಯವಹಾರ ನೋಡುತ್ತಿದ್ದ ಇಲಾಖೆಯ ಕಡತಗಳನ್ನೂ ನೋಡಿ. ಪಿಂಚಣಿ, ಜಮೀನು ಇನಾಮು, ಇನಾಮಿನ ತಕರಾರು ಎಂಬ ವಿಷಯಗಳಲ್ಲಿ ಹುಡುಕಿದರೆ ಸೈನಿಕನ ಮನೆಯವರ ಹೆಸರು ಸಿಗುವ ಸಾಧ್ಯತೆ ಹೆಚ್ಚು. 'ಯುದ್ಧ' ಎಂದು ಹುಡುಕಿದರೆ ಹುಲ್ಲು, ದಾಣಿ, ಕುದುರೆ ಖರೀದಿಯ ಲೆಕ್ಕವೇ ರಾಶಿ ಬೀಳುತ್ತದೆ.

ಶ್ರೀರಂಗಪಟ್ಟಣದ ಗೋರಿಗಳು

ಬೆಂಗಳೂರು–ಮೈಸೂರು ಹಳೆಯ ಹೆದ್ದಾರಿಯಿಂದ ಸ್ವಲ್ಪ ಒಳಗೆ, ಕಾವೇರಿ ದಡದ ಗ್ಯಾರಿಸನ್ ಸ್ಮಶಾನದಲ್ಲಿ ಸುಮಾರು 300 ಗೋರಿಗಳಿವೆ. ಎಲ್ಲರೂ 1799ರ ಕಾಳಗದಲ್ಲಿ ಸತ್ತವರು ಎಂದು ತಿಳಿಯುವುದು ಸಾಮಾನ್ಯ ತಪ್ಪು. ಕೋಟೆ ಬಿದ್ದ ಮೇಲೆ ಇಲ್ಲಿ ಉಳಿದ ದಂಡು ಜ್ವರಕ್ಕೆ ಸಿಕ್ಕಿ ನರಳಿತು. ಅದಕ್ಕೇ 1809ರಲ್ಲಿ ದಂಡನ್ನು ಬೆಂಗಳೂರಿಗೆ ಸಾಗಿಸಿದರು. ಕಲ್ಲಿನ ಮೇಲಿನ ವರ್ಷ ಓದಿದರೆ ಇದು ಗೊತ್ತಾಗುತ್ತದೆ, ಪಕ್ಕದ ಹೆಂಡತಿ ಮಕ್ಕಳ ಕಲ್ಲುಗಳು ಇನ್ನೂ ಸ್ಪಷ್ಟವಾಗಿ ಹೇಳುತ್ತವೆ. ಫ್ರೆಂಚ್, ಜರ್ಮನ್ ಹೆಸರು ಕಂಡರೆ ಅದು ಸ್ವಿಸ್ ದಳವಾದ ಡಿ ಮ್ಯೂರೋನ್ ರೆಜಿಮೆಂಟಿನವರದಿರಬಹುದು. ಆ ದಳ ಸಿಲೋನಿನಲ್ಲಿ ಡಚ್ಚರ ಸಂಬಳದಲ್ಲಿತ್ತು, 1795ರಲ್ಲಿ ಬ್ರಿಟಿಷರ ಕಡೆ ಬಂತು, 1816ರಲ್ಲಿ ಕೆನಡಾದಲ್ಲಿ ವಿಸರ್ಜನೆಯಾಯಿತು. ಬ್ರಿಟಿಷ್ ಅಧಿಕಾರಿ ಕರ್ನಲ್ ಬೈಲಿಯ ಹೆಸರಿನ ಸೆರೆಮನೆ ನೋಡಿದವರು ಅವನನ್ನು ಹೂಳಿದ್ದೂ ಅಲ್ಲೇ ಎಂದುಕೊಳ್ಳುತ್ತಾರೆ. 1780ರಲ್ಲಿ ಪೊಳ್ಳಿಲೂರಿನಲ್ಲಿ ಸೆರೆಸಿಕ್ಕು 1782ರಲ್ಲಿ ಸತ್ತ ಅವನಿಗೆ ಒಡಹುಟ್ಟಿದವರ ಮಗ 1816ರಲ್ಲಿ ಕಟ್ಟಿಸಿದ ಸ್ಮಾರಕ ಇರುವುದು ಗುಂಬಜ್ ಬಳಿ. ದಾಖಲೆಗಳಲ್ಲಿ ಅವನ ಹೆಸರಿಗೆ ಇಂಗ್ಲಿಷಿನಲ್ಲಿ ಎರಡು ಕಾಗುಣಿತ ಇದೆ, ಎರಡನ್ನೂ ಹಾಕಿ ನೋಡಿ.

ಟಿಪ್ಪುವಿನ ಕಡೆಯ ಸಾಮಾನ್ಯ ಸಿಪಾಯಿಗೆ ಹೆಸರಿನ ಕಲ್ಲು ಹುಡುಕುವುದು ವ್ಯರ್ಥ. ಬ್ರಿಟಿಷರ ಕಡೆಯ ಸಾಮಾನ್ಯ ಸೈನಿಕನದ್ದೂ ಹೆಚ್ಚುಕಡಿಮೆ ಅದೇ ಪಾಡು. ಕಲ್ಲು ಸಿಕ್ಕಿದ್ದು ಅಧಿಕಾರಿಗೆ, ದುಡ್ಡಿದ್ದವನಿಗೆ.

ಹೋಗುವುದಾದರೆ ಡಿಸೆಂಬರ್–ಫೆಬ್ರವರಿ ಒಳ್ಳೆಯದು. ಹುಲ್ಲು ಒಣಗಿರುತ್ತದೆ, ಹಾವಿನ ಭಯ ಕಡಿಮೆ, ಬೆಳಗಿನ ಏಳೂವರೆಯಿಂದ ಒಂಬತ್ತರವರೆಗೆ ಬಿಸಿಲು ಓರೆಯಾಗಿ ಬೀಳುತ್ತದೆ. ನೆಟ್ಟಗೆ ನಿಂತ ಕಲ್ಲು ಪೂರ್ವಕ್ಕೆ ಬೆನ್ನು ಹಾಕಿದ್ದರೆ ಒಂದು ಕನ್ನಡಿ ತೆಗೆದುಕೊಂಡು ಹೋಗಿ. ಒಬ್ಬರು ಬಿಸಿಲನ್ನು ಪಕ್ಕದಿಂದ ಕಲ್ಲಿನ ಮೇಲೆ ಹಾಯಿಸಿದರೆ ಸವೆದ ಅಕ್ಷರವೂ ಎದ್ದು ನಿಲ್ಲುತ್ತದೆ. ಸೀಮೆಸುಣ್ಣ, ಹಿಟ್ಟು, ಕುಂಕುಮ ತಿಕ್ಕಿ ಓದಬೇಡಿ. ತಂತಿ ಬ್ರಷ್, ಆಸಿಡ್, ಬ್ಲೀಚಿಂಗ್ ಪುಡಿ ಗಾರೆಯನ್ನು ಉದುರಿಸುತ್ತವೆ. ಬೇರು ಬಿಟ್ಟ ಅರಳಿ ಸಸಿಯನ್ನು ಕಿತ್ತರೆ ಇಟ್ಟಿಗೆಯೇ ಕಳಚಿ ಬರುತ್ತದೆ, ಅದನ್ನು ಇಲಾಖೆಯವರಿಗೆ ಬಿಡಿ. ಅನುಮತಿ ಇದ್ದರೆ ಸಾದಾ ನೀರು ಮತ್ತು ಮೆತ್ತನೆಯ ಬ್ರಷ್, ಅಷ್ಟೇ.

ಪ್ರತಿ ಗೋರಿಗೂ ನಾಲ್ಕು ಫೋಟೊ: ಸುತ್ತಲಿನ ಜಾಗದೊಂದಿಗೆ ಒಂದು, ಇಡೀ ಗೋರಿ ಒಂದು, ಅಡಿಪಟ್ಟಿ ಇಟ್ಟು ಬರಹವನ್ನು ನೇರ ಎದುರಿನಿಂದ ಒಂದು, ಓರೆ ಬೆಳಕಿನಲ್ಲಿ ಒಂದು. ನೋಟ್‌ಬುಕ್ಕಿನಲ್ಲಿ 'ಸಾಲು 3, ಗೋರಿ 7' ಎಂದು ಬರೆದು ಬರಹವನ್ನು ಇದ್ದ ಹಾಗೆ ಇಳಿಸಿ. ಸಾಲು ಮುರಿದ ಕಡೆ ಓರೆಗೆರೆ, ಅನುಮಾನದ ಅಕ್ಷರಕ್ಕೆ ಚೌಕ ಕಂಸ. 1 ಮತ್ತು 7, 3 ಮತ್ತು 8 ಹೆಚ್ಚು ಮೋಸ ಮಾಡುವ ಅಂಕಿಗಳು. ಹಳೆಯ ಇಂಗ್ಲಿಷ್ ಬರಹದ ಉದ್ದನೆಯ 'ಎಸ್' ಅಕ್ಷರ 'ಎಫ್' ಹಾಗೆ ಕಾಣುತ್ತದೆ. ಮನೆಗೆ ಬಂದ ಮೇಲೆ ಮದ್ರಾಸ್ ಪ್ರಾಂತ್ಯದ ಚರ್ಚುಗಳ ಸಮಾಧಿ ನೋಂದಣಿಯೊಂದಿಗೆ ತಾಳೆ ನೋಡಿ. ಅವುಗಳ ಪ್ರತಿ ಲಂಡನ್ನಿನ ಬ್ರಿಟಿಷ್ ಲೈಬ್ರರಿಯಲ್ಲಿ 'ಎನ್/2' ಎಂಬ ಸಾಲಿನಲ್ಲಿದೆ, ಬ್ರಿಟಿಷ್ ಇಂಡಿಯಾದಲ್ಲಿದ್ದ ಕುಟುಂಬಗಳ ಚರಿತ್ರೆ ಹುಡುಕುವ ಫಿಬಿಸ್ ಎಂಬ ಸಂಘದ ತಾಣದಲ್ಲಿ ಉಚಿತ ಸೂಚಿ ಇದೆ. ಕಲ್ಲಿನ ತಾರೀಕು ಸಾವಿನದು, ನೋಂದಣಿಯದು ಹೂಳಿದ ದಿನದ್ದು. ಒಂದು ದಿನದ ವ್ಯತ್ಯಾಸ ಸಹಜ, ಒಂದು ವರ್ಷದ್ದಾದರೆ ಕಲ್ಲನ್ನು ಮತ್ತೆ ಓದಿ.

ವೀರಗಲ್ಲು

ಈ ಸೀಮೆಯ ಗಡಿ ಕಾದವರ ಹಳೆಯ ಗುರುತು ಗೋರಿಯಲ್ಲ, ವೀರಗಲ್ಲು. ಕೆರೆ ಏರಿ, ಊರ ಬಾಗಿಲು, ಗದ್ದೆಯ ಬದು, ಮಾರಮ್ಮನ ಗುಡಿಯ ಹಿಂದೆ ನೋಡಿ. ಸಾಮಾನ್ಯವಾಗಿ ಮೂರು ಹಂತ: ಕೆಳಗೆ ಕಾಳಗ, ನಡುವೆ ವೀರನನ್ನು ಕರೆದೊಯ್ಯುವ ಅಪ್ಸರೆಯರು, ಮೇಲೆ ಲಿಂಗದ ಮುಂದೆ ಕೂತ ವೀರ. ಬರಹ ಇದ್ದರೆ ಈ ಹಂತಗಳ ನಡುವಿನ ಪಟ್ಟಿಯಲ್ಲಿರುತ್ತದೆ. ಕೆಳಗೆ ದನಗಳಿದ್ದರೆ ತುರುಗಾಳಗ. ಬಳೆ ತೊಟ್ಟ ಕೈ ಎತ್ತಿದ ಕಂಬವಿದ್ದರೆ ಅದು ಸತಿ ಹೋದವಳ ಗುರುತಾದ ಮಾಸ್ತಿಗಲ್ಲು. ಮದ್ದೂರು ತಾಲ್ಲೂಕಿನ ಆತಕೂರಿನ ಹತ್ತನೇ ಶತಮಾನದ ಕಲ್ಲು ಈಗ ಬೆಂಗಳೂರಿನ ಸರ್ಕಾರಿ ವಸ್ತುಸಂಗ್ರಹಾಲಯದಲ್ಲಿದೆ. ಮಣಲೆರ ಎಂಬ ವೀರನ ನಾಯಿ 'ಕಾಳಿ' ಹಂದಿಯೊಡನೆ ಕಾದಾಡಿ ಸತ್ತದ್ದನ್ನೂ, ರಾಷ್ಟ್ರಕೂಟರು ಚೋಳರೊಡನೆ ಕಾದಿದ ತಕ್ಕೋಲದ ಯುದ್ಧವನ್ನೂ ಅದು ಒಟ್ಟಿಗೆ ಹೇಳುತ್ತದೆ.

ನಿಮಗೆ ಕಂಡ ಕಲ್ಲು ಈಗಾಗಲೇ ಓದಲ್ಪಟ್ಟಿದೆಯೇ ಎಂದು ಕರ್ನಾಟಕದ ಶಾಸನಗಳನ್ನು ಅಚ್ಚು ಮಾಡಿದ ಎಪಿಗ್ರಾಫಿಯಾ ಕರ್ನಾಟಿಕ ಸಂಪುಟಗಳಲ್ಲಿ ನೋಡಿ. ಪರಿಷ್ಕೃತ ಆವೃತ್ತಿಯ 6ನೇ ಸಂಪುಟದಲ್ಲಿ ಕೃಷ್ಣರಾಜಪೇಟೆ, ಪಾಂಡವಪುರ, ಶ್ರೀರಂಗಪಟ್ಟಣ. 7ನೆಯದರಲ್ಲಿ ನಾಗಮಂಗಲ, ಮಂಡ್ಯ, ಮದ್ದೂರು, ಮಳವಳ್ಳಿ. ಶಾಸನಗಳನ್ನು ತಾಲ್ಲೂಕು ಮತ್ತು ಸಂಖ್ಯೆಯಿಂದ ಗುರುತಿಸುತ್ತಾರೆ. ಅಲ್ಲಿ ಇಲ್ಲದಿದ್ದರೆ ಫೋಟೊ ಮತ್ತು ಜಿಪಿಎಸ್ ಗುರುತನ್ನು ಮೈಸೂರಿನಲ್ಲಿರುವ ರಾಜ್ಯ ಪುರಾತತ್ವ ಇಲಾಖೆಗೆ ಕಳಿಸಿ. ಕಲ್ಲಿನ ಮೇಲೆ ಕಾಗದ ಒತ್ತಿ ಪಡಿಯಚ್ಚು ತೆಗೆಯುವುದು ಕಲಿತವರ ಕೆಲಸ. ಊರಿನವರು ಎಣ್ಣೆ, ಬಣ್ಣ ಬಳಿದಿದ್ದರೆ ಕೆರೆಯಲು ಹೋಗಬೇಡಿ. ಅವರಿಗೆ ಅದು ದೇವರು. ಹಿರಿಯರನ್ನು ಕೂರಿಸಿ 'ಅಜ್ಜ, ಈ ಕಲ್ಲಿಗೆ ಏನಂತೀರಿ, ಯಾರ ಮನೆಯೋರು ಪೂಜೆ ಮಾಡ್ತಾರೆ' ಎಂದು ಕೇಳಿ, ಹೇಳಿದ್ದನ್ನು ಅವರ ಮಾತಿನಲ್ಲೇ ಬರೆದುಕೊಳ್ಳಿ.

ಮನೆಯವರು ಸಿಕ್ಕಿದರೆ

ಪದಕದ ಜಾಡು ಹಿಡಿದು ಒಂದು ಮನೆ ಸಿಕ್ಕಿತು ಎಂದುಕೊಳ್ಳಿ. ನೇರವಾಗಿ ಬಾಗಿಲು ತಟ್ಟಬೇಡಿ, ಪಂಚಾಯಿತಿಯವರ ಅಥವಾ ಊರಿನ ಮಾಜಿ ಸೈನಿಕರ ಮೂಲಕ ಹೋಗಿ. ಜಿಲ್ಲಾ ಸೈನಿಕ ಕಲ್ಯಾಣ ಕಚೇರಿಯಲ್ಲಿ ಕೇಳಿದರೆ ಆ ಕಡೆಯ ಮಾಜಿ ಸೈನಿಕರ ಸಂಘದ ದಾರಿ ತೋರಿಸುತ್ತಾರೆ. ಮೊದಲ ಭೇಟಿಗೆ ಪದಕ ಒಯ್ಯಬೇಡಿ, ಅದರ ಫೋಟೊ ಮತ್ತು ನೀವು ತೆಗೆದ ದಾಖಲೆಗಳ ನಕಲು ಸಾಕು. ಪದಕ ಅವರಿಗೆ ಬೇಕೆಂದರೆ ನೀವು ಕೊಟ್ಟ ಬೆಲೆಗೇ ಕೊಡಿ, ಅಥವಾ ಹಾಗೇ ಕೊಡಿ. ನಿಮ್ಮ ಹತ್ತಿರ ಅದರ ಅಳತೆ, ಅಂಚಿನ ಬರಹ, ಎರಡು ಬದಿಯ ಫೋಟೊ ಉಳಿದಿರಲಿ. ಯುದ್ಧದಲ್ಲಿ ಸತ್ತವನ ಹೆಸರು ಕಮಿಷನ್ನಿನ ಪಟ್ಟಿಯಲ್ಲಿ ಇಲ್ಲವೆಂದು ಖಚಿತವಾದರೆ ಸೇವೆ, ಸಾವಿನ ದಿನ, ಕಾರಣ ಈ ಮೂರಕ್ಕೂ ಆ ಕಾಲದ ದಾಖಲೆಯ ಪ್ರತಿ ಸೇರಿಸಿ ಅವರಿಗೆ ಬರೆಯಬಹುದು. ಮನೆಯವರ ಹೇಳಿಕೆ ಜೊತೆಗಿದ್ದರೆ ಒಳ್ಳೆಯದೇ, ಆದರೆ ಅದೊಂದರಿಂದಲೇ ಹೆಸರು ಸೇರುವುದಿಲ್ಲ; ಪಿಂಚಣಿ ಕಾಗದವೋ ಆಸ್ಪತ್ರೆಯ ಕಾಗದವೋ ಅಂಥ ದಾಖಲೆ ಇರಲೇಬೇಕು.